ಗಂಗವ್ವನ ನಾಲ್ವತ್ತು ಮರಿ

ಗಂಗವ್ವನ ಮನೆಯಲ್ಲಿ ಸತ್ತ ನಾಲ್ವತ್ತು ಕೋಳಿಮರಿಗಳು ಕಾವು ಸಾಲದೆ ಸತ್ತದ್ದಲ್ಲ. ರೋಗ ಇದ್ದದ್ದು ನನ್ನ ಕೋಳಿಗಳಲ್ಲಿ. ಅದು ನನಗೆ ಗೊತ್ತಿತ್ತು — ಮರಿಗಳನ್ನು ಕೊಡುವ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಸತ್ತ ಮೇಲೆ ತಪ್ಪನ್ನು ಅವಳ ಮೇಲೆ ಹಾಕಿದೆ. ಆರು ವರ್ಷವಾಯಿತು.

ನಾನು ಈ ಊರಿನ ಅಂಗನವಾಡಿಯ ಅಕ್ಕೋರು. ಐಹೊಳೆಯಿಂದ ಅಮೀನಗಡದ ಕಡೆ ಹೋಗುವಾಗ ಒಳಗೆ ಸಿಗುವ ಸಣ್ಣ ಊರು. ಹೆಂಗಸರ ಸಂಘಕ್ಕೂ ನಾನೇ ಅಧ್ಯಕ್ಷೆ. ಆ ವರ್ಷ ಸಂಘಕ್ಕೆ ಮರಿ ಮಾಡುವ ಪೆಟ್ಟಿಗೆ ಬಂತು. ತತ್ತಿ ಇಟ್ಟರೆ ಕರೆಂಟಿನ ಕಾವಿಗೆ ಇಪ್ಪತ್ತೊಂದು ದಿನದಲ್ಲಿ ಒಡೆದು ಮರಿ ಹೊರಬರುವಂಥದ್ದು. ಆದರೆ ಯಾರ ಕೋಳಿಗೆ ರೋಗವಿಲ್ಲವೆಂದು ದನದ ದವಾಖಾನೆಯ ಡಾಕ್ಟರು ರಕ್ತ ನೋಡಿ ಬರೆದುಕೊಡುತ್ತಾರೋ, ಅವರ ತತ್ತಿಯನ್ನು ಮಾತ್ರ ಅದರಲ್ಲಿ ಇಡಬೇಕು. ಎಲ್ಲರೂ ನನ್ನ ಹೆಸರು ಹೇಳಿದರು. ಅಕ್ಕೋರ ಮನೆ ಸ್ವಚ್ಛ, ಅಕ್ಕೋರ ಕೋಳಿ ಸ್ವಚ್ಛ. ನಾನು ಬೇಡ ಅನ್ನಲಿಲ್ಲ.

ಅದಕ್ಕೂ ಒಂದು ತಿಂಗಳು ಹಿಂದೆ ನನ್ನ ಹ್ಯಾಟೆ ಕೋಳಿ ಕಾವಿಗೆ ಕೂತು ಎಬ್ಬಿಸಿದ ಹನ್ನೊಂದು ಮರಿ ಒಂದೊಂದಾಗಿ ಸತ್ತಿದ್ದವು. ಅವುಗಳ ಹಿಂಭಾಗಕ್ಕೆಲ್ಲ ಬಿಳಿ ಹಿಕ್ಕೆ ಸುಣ್ಣದಂತೆ ಅಂಟಿಕೊಂಡಿತ್ತು. ಡಾಕ್ಟರು ತರಬೇತಿಯಲ್ಲಿ ಹೇಳಿದ್ದರು — ಈ ರೋಗ ದೊಡ್ಡ ಕೋಳಿಯಲ್ಲಿ ಕಾಣುವುದಿಲ್ಲ, ಅದು ತಿಂದುಂಡು ಚೆನ್ನಾಗಿಯೇ ಇರುತ್ತದೆ, ತತ್ತಿಯೊಳಗೆ ಇಳಿದು ಮರಿಯನ್ನು ಕೊಲ್ಲುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವಳು ನಾನೊಬ್ಬಳೇ. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ.

ಪರೀಕ್ಷೆಯ ಹಿಂದಿನ ದಿನ ನನ್ನ ತವರು ಚೊಳಚಗುಡ್ಡಕ್ಕೆ ಹೋದೆ. ಅವ್ವನ ಹನ್ನೆರಡು ಹ್ಯಾಟೆಗಳನ್ನು ಎರಡು ಬುಟ್ಟಿಗಳಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದೆ. ಯಾಕೆಂದು ಅವ್ವ ಕೇಳಲಿಲ್ಲ. ನನ್ನ ಹನ್ನೆರಡನ್ನು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ಕೂಡಿಹಾಕಿದೆ. ಅವು ಕೂಗಿಯಾವೆಂದು ಅಂಗಳದಲ್ಲಿ ರೇಡಿಯೋ ಹಚ್ಚಿಟ್ಟೆ.

ಡಾಕ್ಟರು ಬಂದರು. ಬಿಳಿ ಟೈಲ್ಸಿನ ಮೇಲೆ ನೀಲಿ ಔಷಧದ ಒಂದು ಹನಿ. ರೆಕ್ಕೆಯ ಕೆಳಗಿನ ನರಕ್ಕೆ ಸೂಜಿ ಚುಚ್ಚಿ ತೆಗೆದ ರಕ್ತ ಒಂದು ಹನಿ. ಎರಡನ್ನೂ ಕಲಸಿ ಎರಡು ನಿಮಿಷ ಅತ್ತಿತ್ತ ಆಡಿಸಬೇಕು. ರೋಗವಿದ್ದರೆ ಒಡೆದ ಹಾಲಿನಂತೆ ಗಂಟು ಗಂಟಾಗುತ್ತದೆ. ಹನ್ನೆರಡು ಹನಿಗಳಲ್ಲಿ ಒಂದೂ ಒಡೆಯಲಿಲ್ಲ. ಪಕ್ಕದಲ್ಲಿ ನಿಂತು ನಾನೂ ನೋಡಿದೆ, ನನ್ನವೇ ಕೋಳಿ ಎನ್ನುವ ಹಾಗೆ. ಆಗ ನನಗೆ ಹೆದರಿಕೆ ಆಗಲಿಲ್ಲ, ನಾಚಿಕೆಯೂ — ಏನೂ ಆಗಲಿಲ್ಲ. ಡಾಕ್ಟರಿಗೆ ಚಹಾ ಮಾಡಿಕೊಟ್ಟೆ. ಅವರು ಕಾಗದ ಬರೆದು ಶಿಕ್ಕಾ ಒತ್ತಿ ಕೊಟ್ಟರು. ಮರುದಿನ ಅವ್ವನ ಕೋಳಿಗಳನ್ನು ವಾಪಸು ಮುಟ್ಟಿಸಿದೆ. ಪೆಟ್ಟಿಗೆಯಲ್ಲಿ ನನ್ನ ಕೋಳಿಗಳ ತತ್ತಿ ಇಟ್ಟೆ.

ಎಲ್ಲವೂ ಸಾಯಲಿಕ್ಕಿಲ್ಲ ಅಂದುಕೊಂಡಿದ್ದೆ. ಅಥವಾ ಹಾಗೂ ಅಂದುಕೊಂಡಿರಲಿಲ್ಲವೇನೋ. ಹತ್ತು ಜನರ ಮುಂದೆ ನನ್ನ ಕೋಳಿಯ ಹನಿ ಒಡೆಯಬಾರದು — ಅಷ್ಟೇ ಇತ್ತು ತಲೆಯಲ್ಲಿ.

ಮೊದಲ ಸಲದ ಮರಿಗಳು ನಾಲ್ವತ್ತು. ಅಷ್ಟನ್ನೂ ಗಂಗವ್ವ ಕೇಳಿ ತೆಗೆದುಕೊಂಡಳು.

ಗಂಗವ್ವನ ಬಗ್ಗೆ ಹೇಳಬೇಕು. ಅವಳ ಗಂಡ ಇಳಕಲ್ಲಿನ ಹತ್ತಿರ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಅವಳು ಮತ್ತು ಅತ್ತೆ. ಮರಿ ತರುವ ಎರಡು ವರ್ಷ ಮುಂಚೆ ಎಂಟು ತಿಂಗಳಿಗೇ ಅವಳಿಗೆ ಹೆರಿಗೆಯಾಗಿತ್ತು. ಹೆಣ್ಣು ಕೂಸು. ಎದೆಗೆ ಅವುಚಿಕೊಂಡೇ ಇರು, ನಿನ್ನ ಮೈಕಾವೇ ಅದಕ್ಕೆ ಔಷಧ ಎಂದು ಹೇಳಿದವಳು ನಾನು. ಅವಳು ಹಾಗೆಯೇ ಮಾಡಿದಳು. ನಾನು ತೂಕ ಮಾಡಲು ಹೋದಾಗಲೆಲ್ಲ ಕೂಸು ಅವಳ ಎದೆಯ ಮೇಲೆಯೇ ಇರುತ್ತಿತ್ತು. ಇಪ್ಪತ್ತನೆಯ ದಿನ ಕೂಸು ಹೋಯಿತು. ಹೃದಯದಲ್ಲಿ ತೂತು ಇತ್ತೆಂದು ಬಾಗಲಕೋಟೆಯ ದವಾಖಾನೆಯಲ್ಲಿ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅವಳ ಅತ್ತೆ ಅದನ್ನು ನಂಬಲಿಲ್ಲ. ಚಳಿಗಾಲದಲ್ಲಿ ಕೂಸನ್ನು ಬೆಚ್ಚಗೆ ಇಡಲಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಆ ಗಂಗವ್ವ ಅಡುಗೆಮನೆಯ ಮೂಲೆಯಲ್ಲಿ ರಟ್ಟು ನಿಲ್ಲಿಸಿ, ಹೊಟ್ಟು ಹಾಸಿ, ಬಲ್ಬ್ ಇಳಿಬಿಟ್ಟು ನಾಲ್ವತ್ತು ಮರಿಗಳನ್ನು ಬಿಟ್ಟುಕೊಂಡಳು. ಕರೆಂಟು ಹೋದರೆ ಬೇಕೆಂದು ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ನನ್ನನ್ನು ಕರೆದು ತೋರಿಸಿದಳು. ನಾಲ್ಕನೆಯ ದಿನದಿಂದ ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಚೀಂಯ್‌ಗುಟ್ಟತೊಡಗಿದವು. ಈ ರೋಗದ ಮರಿಗಳು ಹಾಗೆಯೇ ಮಾಡುತ್ತವೆ — ಎಷ್ಟು ಬೆಚ್ಚಗಿದ್ದರೂ ಚಳಿ ಹತ್ತಿದಂತೆ. ಹತ್ತು ದಿನಕ್ಕೆ ನಾಲ್ವತ್ತೂ ಹೋದವು.

ಸಂಘದ ಸಭೆ ಅಂಗನವಾಡಿಯ ಅಂಗಳದಲ್ಲಿ ಸೇರಿತು. ಡಾಕ್ಟರೂ ಬಂದಿದ್ದರು. ಕಾಗದ ನೋಡಿ ಅವರೇ ಕೇಳಿದರು: "ಅಕ್ಕೋರ, ನಿಮ್ಮ ಕೋಳಿಗೆ ರೋಗ ಇಲ್ಲ. ಮತ್ತ ಮರಿ ಹೆಂಗ ಸತ್ತು?"

ಎಲ್ಲರೂ ನನ್ನ ಕಡೆ ನೋಡಿದರು. ಆಗ ಹೇಳಬಹುದಿತ್ತು.

"ಕಾವು ಕಡಿಮಿ ಆಗಿರಬೇಕ್ರಿ," ಅಂದೆ.

ಗಂಗವ್ವ ಮೆಲ್ಲಗೆ, "ಬಲ್ಬ್ ಆರಿಸೇ ಇಲ್ರಿ ಅಕ್ಕೋರ. ನೀವ ನೋಡಿ ಹೋಗೀರಲ್ಲ," ಅಂದಳು.

"ಎಲ್ಲೋ ಕರೆಂಟ್ ಹೋದಾಗ ಆಗಿರತೈತಿ ಬಿಡು, ಗಂಗವ್ವ."

ಅಷ್ಟು ಸಾಕಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಅತ್ತೆ ಅಲ್ಲಿಂದಲೇ ಅಂದಳು: "ಆಕಿ ಕೈಗುಣಾನ ಹಂಗ ಐತ್ರಿ. ಕೂಸಿನ್ನ ಉಳಿಸಲಿಲ್ಲ, ಇನ್ನ ಕೋಳಿಮರಿ ಉಳಿಸ್ತಾಳೇನು?"

ಕೂಸಿನ ತೂಕ ಬರೆದಿದ್ದ ರಿಜಿಸ್ಟರು ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಾನು ಡಾಕ್ಟರನ್ನು ಬೇರೆ ಏನೋ ಕೇಳಿದೆ — ಲಸಿಕೆ ಯಾವಾಗ ಬರುತ್ತದೆ ಎಂದೋ ಏನೋ.

ಆ ವಾರವೇ ನನ್ನ ಹನ್ನೆರಡು ಕೋಳಿಗಳನ್ನೂ ಕೊಯ್ದು ಹಿತ್ತಲಲ್ಲಿ ಹೂತೆ. ಗೂಡಿಗೆ ನಾಯಿ ಹೊಕ್ಕಿತ್ತು ಎಂದು ಹೇಳಿದೆ. ಪೆಟ್ಟಿಗೆ, ಗೂಡು ಎಲ್ಲ ಫಿನೈಲಿನಲ್ಲಿ ತೊಳೆದು, ಅವ್ವನ ಮನೆಯ ತತ್ತಿ ತಂದು ಹೊಸ ಹಿಂಡು ಮಾಡಿದೆ. ಅಲ್ಲಿಂದಾಚೆ ಕಾಗದದಲ್ಲಿ ಬರೆದದ್ದು ಖರೆಯೇ ಆಯಿತು. ಮುಂದೆ ನಾನು ಕೊಟ್ಟ ಮರಿಗಳು ಎಲ್ಲರ ಮನೆಯಲ್ಲೂ ಬದುಕಿದವು. ಬೇರೆಯವರ ಮನೆಯಲ್ಲಿ ಒಂದೊಂದು ಮರಿ ಬದುಕಿದಾಗಲೂ ಗಂಗವ್ವನ ಮೇಲಿನ ಮಾತು ಇನ್ನಷ್ಟು ಗಟ್ಟಿಯಾಗುತ್ತಿತ್ತು — ನೋಡುತ್ತಿದ್ದೆ.

ಅವಳು ಮತ್ತೆ ಕೋಳಿ ಸಾಕಲಿಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ. ಅದಕ್ಕೆ ಯಾರು ಕಾರಣ, ನನಗೆ ತಿಳಿಯದು. ಒಮ್ಮೆ ಲಸಿಕೆಯ ದಿನ ಗದ್ದಲವಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು. ಒಂದು ಕೂಸನ್ನು ಸ್ವಲ್ಪ ಹಿಡಿದುಕೋ ಎಂದು ಅವಳ ಕಡೆ ಚಾಚಿದೆ. ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಅಕ್ಕೋರ. ನನ್ನ ಕೈಯಾಗ ಕೊಡಬ್ಯಾಡ್ರಿ."

ಕೂಸನ್ನು ಬೇರೆಯವರಿಗೆ ಕೊಟ್ಟು ಕೆಲಸ ಮುಂದುವರಿಸಿದೆ. ಆ ದಿನ ಊಟವೂ ಸೇರಿತು, ನಿದ್ದೆಯೂ ಬಂತು. ಕಣ್ಣೀರು ಹಾಕಿದೆ ಎಂದು ಇಲ್ಲಿ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹೋದ ವಾರ ಕಾಗದವನ್ನು ಹೊಸದು ಮಾಡಿಕೊಡಲು ಬೇರೆ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು. ಈ ಸಲವೂ ಒಂದು ಹನಿಯೂ ಒಡೆಯಲಿಲ್ಲ. "ಆರು ವರ್ಷ ಒಂದೂ ರೋಗ ಇಲ್ಲ. ಬರೋ ಸೋಮವಾರ ಸಂಘದವರನ್ನೆಲ್ಲಾ ಕೂಡಿಸ್ರಿ ಅಕ್ಕೋರ. ಹೆಂಗ ಸಾಕೀರಿ ಅಂತ ನೀವ ಹೇಳ್ರಿ," ಅಂದರು. ಆಗಲಿ ಎಂದೆ. ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಗಂಗವ್ವನ ಮನೆಗೆ ನಡೆದೆ.

ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ, ಬುಟ್ಟಿ, ಬಸ್ಸು, ಕಟ್ಟಿಗೆ ಕೋಣೆ, ಹೂತದ್ದು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಾಯಿ ಒಡೆದು ಕೇಳಿದಳು:

"ಹಂಗಾರ ಬಲ್ಬಿನ ಕಾವು ಸಾಕಿತ್ತೇನ್ರಿ?"

"ಸಾಕಿತ್ತು."

"ಮತ್ತ... ಕೂಸಿಗೆ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಅವಳೂ ನನ್ನ ಪಕ್ಕದಲ್ಲೇ ನಿಂತು ಕೇಳಿದ್ದಳು. ಆದರೂ ಈ ಆರು ವರ್ಷ —

"ಸಾಕಿತ್ತು, ಗಂಗವ್ವ. ಕೂಸಿಗೂ ಸಾಕಿತ್ತು. ಅದರ ಎದಿಯಾಗ ತೂತಿತ್ತು."

ಮೊರದೊಳಗಿನ ಕಾಳನ್ನು ಕೈಯಿಂದ ಒಂದು ಕಡೆ ಸರಿಸಿದಳು.

"ಅವತ್ತ ನನ್ನ ಒಬ್ಬಾಕಿ ಮುಂದ ಅಂದಿದ್ದಿಲ್ಲಲ್ರಿ ನೀವು. ಎಲ್ಲಾರ ಮುಂದ ಅಂದಿದ್ರಿ."

ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಮನೆಗೆ ಬಂದೆ.

ಸೋಮವಾರ ಇದನ್ನು ಅದೇ ಅಂಗಳದಲ್ಲಿ ಓದುತ್ತೇನೆ. ಅವಳ ಅತ್ತೆಗೆ ಮುಂದಿನ ಸಾಲಿನಲ್ಲಿ ಕೂಡಲು ಹೇಳಿ ಕಳಿಸಿದ್ದೇನೆ. ಕೂಸಿನ ರಿಜಿಸ್ಟರನ್ನು ಹೊರಗೆ ತೆಗೆದಿಟ್ಟಿದ್ದೇನೆ. ಕಾಗದವನ್ನು ಡಾಕ್ಟರಿಗೆ ಒಪ್ಪಿಸುತ್ತೇನೆ. ಆಮೇಲೆ ಪೆಟ್ಟಿಗೆಯನ್ನು ಯಾರಿಗೆ ಕೊಡುತ್ತಾರೋ, ನನ್ನ ಕೆಲಸ ಏನಾಗುತ್ತದೋ, ಅದು ಅವರಿಗೆ ಬಿಟ್ಟದ್ದು. ಬಾಯಿಂದ ಹೇಳಲು ಹೋದರೆ ಎಲ್ಲಾದರೂ ತಿರುಗಿಸಿ ಹೇಳಿಬಿಟ್ಟೇನೆಂದು ಬರೆದಿಟ್ಟಿದ್ದೇನೆ.

ಕೊನೆಗೆ, ಗಂಗವ್ವ ನನ್ನನ್ನು ಕ್ಷಮಿಸು ಎಂದು ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ಅಷ್ಟು ಜನರ ಮುಂದೆ ಕೇಳಿದರೆ ಅವಳು ಏನಾದರೂ ಅನ್ನಲೇಬೇಕಾಗುತ್ತದೆ. ಆ ಕೆಲಸವನ್ನೂ ಅವಳಿಗೆ ಹಚ್ಚಲಾರೆ.