ಹದಿನೈದನೇ ವಿದ್ಯಾರ್ಥಿನಿ

ಸಸ್ಯಶಾಸ್ತ್ರದ ಮೇಷ್ಟ್ರಿಗೆ ವಿದ್ಯಾರ್ಥಿಗಳಿಟ್ಟ ಹೆಸರು ಎಲೆ ಮೇಷ್ಟ್ರು. ಇಪ್ಪತ್ತಮೂರು ವರ್ಷ ಒಂದೇ ಖಾಸಗಿ ಕಾಲೇಜಿನಲ್ಲಿ ಒಣಗಿದ ಎಲೆಗಳನ್ನು ಹಾಳೆಗೆ ಅಂಟಿಸಿ, ಅಲ್ಲಾಡುವ ಸೂಕ್ಷ್ಮದರ್ಶಕಕ್ಕೆ ರಟ್ಟಿನ ಒತ್ತು ಕೊಟ್ಟು ಪಾಠ ಮಾಡಿದವರು. ಸಂಬಳಕ್ಕಿಂತ ಸರ್ಕಾರದ ಸುತ್ತೋಲೆಗಳೇ ಅಲ್ಲಿ ಸಮಯಕ್ಕೆ ಸರಿಯಾಗಿ ಬರುತ್ತಿದ್ದವು. ಒಂದು ವರ್ಷ ಪ್ರತಿ ಮೇಷ್ಟ್ರಿಗೂ ಡಾಕ್ಟರೇಟ್ ಬೇಕೇ ಬೇಕು ಅಂತ. ಎರಡು ವರ್ಷದ ಮೇಲೆ ಬೇಡ ಅಂತ. ಅಷ್ಟರಲ್ಲಿ ಇವರು ಅರ್ಧ ಪ್ರಬಂಧ ಬರೆದು ಕಣ್ಣು ಕೆಡಿಸಿಕೊಂಡಾಗಿತ್ತು.

ಈ ಸಲದ್ದು ಒಂದೇ ಸಾಲು: ಹದಿನೈದು ವಿದ್ಯಾರ್ಥಿಗಳಿಲ್ಲದ ವಿಭಾಗವನ್ನು ಮುಚ್ಚತಕ್ಕದ್ದು. ಇವರಿಗೆ ಸಿಕ್ಕವರು ಹದಿನಾಲ್ಕೇ ಜನ. ವಿಭಾಗ ಹೋದರೆ ಮೇಷ್ಟ್ರೂ ಮನೆಗೆ. ವಾರವಿಡೀ ಮನೆಮನೆ ಸುತ್ತಿ ಚಪ್ಪಲಿ ಸವೆಸಿದರು. ಎಲ್ಲರೂ ಕುಡಿಯಲು ನೀರು ಕೊಟ್ಟು ಕಳಿಸಿದರು. ಪ್ರವೇಶದ ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದು, ಇನ್ನೊಬ್ಬರು ಸಿಗಲೇ ಇಲ್ಲ ಅಂತ ತಟ್ಟೆ ಸರಿಸಿದರು.

"ನಾನೂ ಹನ್ನೆರಡನೇ ಕ್ಲಾಸ್ ಪಾಸಾಗಿದೀನಲ್ರೀ," ಅಂದಳು ಹೆಂಡತಿ. "ನನ್ನ ಹೆಸರೇ ಹಾಕ್ಬಿಡಿ. ವಯಸ್ಸಿಗೇನೂ ಮಿತಿ ಇಲ್ವಲ್ಲ?"

"ನಿಂಗೇನು ತಲೆ ಕೆಟ್ಟಿದ್ಯಾ?" ಅಂದರು ಮೇಷ್ಟ್ರು. ಅರ್ಧ ಗಂಟೆಯಲ್ಲಿ ಅರ್ಜಿಗೆ ಅವಳ ಸಹಿ ಹಾಕಿಸಿಕೊಂಡು ಕಾಲೇಜಿಗೆ ಓಡಿದರು.

ಅವಳು ಹೆಸರಿಗಷ್ಟೇ ಸೇರಿದ್ದಾಳೆ ಎಂದುಕೊಂಡದ್ದೇ ಮೇಷ್ಟ್ರ ತಪ್ಪು. ಸೋಮವಾರ ಆಕೆ ಮಗಳ ಹಳೇ ಬ್ಯಾಗು ನೇತುಹಾಕಿಕೊಂಡು ಬಂದು ಮೊದಲ ಬೆಂಚಿನಲ್ಲೇ ಕೂತಳು. ಹಾಜರಿ ಕೂಗಿದಾಗ ಗಂಭೀರವಾಗಿ "ಎಸ್ ಸರ್" ಅಂದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮದುವೆಯಾದಾಗಿನಿಂದ ಅವಳು ಗಂಡನ ಮಾತನ್ನು ಒಂದು ಗಂಟೆ ಪೂರ್ತಿ ಎದುರಾಡದೆ ಕೇಳಿದ್ದು ಅದೇ ಮೊದಲು. ಮರುದಿನದಿಂದ ಪ್ರಶ್ನೆಗಳು ಶುರುವಾದವು. ಉತ್ತರಕ್ಕಾಗಿ ಮೇಷ್ಟ್ರು ಅಟ್ಟದ ಮೇಲಿನ ಪುಸ್ತಕ ಇಳಿಸಬೇಕಾಯಿತು. ಬೈದುಕೊಂಡೇ ಇಳಿಸಿದರು, ಆದರೆ ಎಷ್ಟೋ ವರ್ಷದ ಮೇಲೆ ಪಾಠ ಮಾಡುವುದು ಅವರಿಗೆ ಖುಷಿ ಕೊಡುತ್ತಿತ್ತು.

ಮುಂದಿನ ವರ್ಷ ಮತ್ತೊಂದು ಸುತ್ತೋಲೆ: ಹದಿನೈದಲ್ಲ, ಇಪ್ಪತ್ತೈದು. ಇನ್ನೂ ಹತ್ತು ಹೆಂಡತಿಯರನ್ನು ಎಲ್ಲಿಂದ ತರುವುದು? ವಿಭಾಗಕ್ಕೆ ಬೀಗ ಬಿತ್ತು. ವಿದ್ಯಾರ್ಥಿಗಳನ್ನು ಊರಾಚೆಯ ದೊಡ್ಡ ಕಾಲೇಜಿಗೆ ಸೇರಿಸಿದರು. ಮೇಷ್ಟ್ರನ್ನು ಎಲ್ಲಿಗೆ ಸೇರಿಸಬೇಕೆಂದು ಸುತ್ತೋಲೆಯಲ್ಲಿ ಬರೆದಿರಲಿಲ್ಲ.

"ಇನ್ನು ಬಿಟ್ಬಿಡು. ನನ್ನ ಕೆಲಸ ಉಳಿಸೋಕೆ ತಾನೇ ನೀನು ಸೇರಿದ್ದು," ಅಂದರು ಸೋತ ದನಿಯಲ್ಲಿ.

"ಸೇರಿದ್ದು ಅದಕ್ಕೇ. ಈಗ ಓದೋಕೆ ಹೋಗ್ತಿದೀನಿ," ಅಂದಳು ಆಕೆ, ಬಸ್ ಪಾಸ್ ಹುಡುಕುತ್ತ. ಬಾಗಿಲ ತನಕ ಹೋಗಿ ತಿರುಗಿದಳು. "ಕುಕ್ಕರ್ ಮೂರು ಸಲ ಕೂಗಿದ್ಮೇಲೆ ಗ್ಯಾಸ್ ಆಫ್ ಮಾಡಿ. ಸಂಜೆ ಬೇರಿನ ಪಾಠ ಇನ್ನೊಂದು ಸಲ ಹೇಳ್ಕೊಡಿ. ಅಲ್ಲಿಯವರು ಹೇಳೋದು ತಲೆಗೇ ಹೋಗಲ್ಲ."

ಮೇಷ್ಟ್ರಿಗೆ ಅಳು ಬಂತು. ಕಣ್ಣೊರೆಸಿಕೊಂಡು ಒಲೆಯ ಪಕ್ಕ ನಿಂತು ಕೂಗು ಎಣಿಸತೊಡಗಿದರು.