ಬಿಸಿಲಿನ ಪ್ಲೇಟಿಗೆ ಸೇವಂತಿಗೆ ಹಾರ

ನಾನು ಸೋತಿದ್ದೇನೆ. ಚರ್ಚಾಸ್ಪರ್ಧೆಯಲ್ಲಲ್ಲ, ಒಂದು ಮೊಳ ಸೇವಂತಿಗೆ ಹಾರದ ಎದುರು.

ಶಿರಾ ಕಡೆಯ ನಮ್ಮೂರ ಕೆರೆ ಈ ವರ್ಷ ತುಂಬಿದೆ. ಆಚೆ ದಡದ ನಮ್ಮ ಹಟ್ಟಿಗೆ ಹೋಗುವ ದಾರಿ ನೀರಿನಡಿ ಮುಳುಗಿದೆ. ಸುತ್ತಿಕೊಂಡು ಹೋದರೆ ಅರ್ಧ ದಿನ. ಹಟ್ಟಿಯ ಚಿತ್ತಣ್ಣ ಬೊಂಬಾಯಿ ಬಂದರಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ತಾವೇ ಒಂದು ಪುಟ್ಟ ಹಾಯಿದೋಣಿ ಕಟ್ಟಿದ್ದಾರೆ. ಹಲಗೆಗಳ ಸಂದಿಯಲ್ಲಿ ನೀರು ಜಿನುಗುತ್ತದೆ. ಅದನ್ನು ಹೊರಹಾಕಲು ಪಂಪು, ಪಂಪಿಗೆ ಲಾರಿಯ ಹಳೇ ಬ್ಯಾಟರಿ, ಬ್ಯಾಟರಿಗೆ ಬಂದರಿನ ಗುಜರಿಯಿಂದ ತಂದ ಸೋಲಾರ್ ಪ್ಲೇಟು. ಬಿಸಿಲು ಬಿದ್ದರೆ ಕರೆಂಟಂತೆ! (ಕೇಳಿದಾಗ ನಾನು ನಕ್ಕಿದ್ದೆ. ನೀವೂ ನಗುತ್ತಿದ್ದಿರಿ.)

ಜನರನ್ನು ದಾಟಿಸಲು ಪರವಾನಗಿ ಬೇಕು. ಆಯುಧಪೂಜೆ ಕಳೆದ ಎರಡನೇ ದಿನ ಮಧ್ಯಾಹ್ನ ಓವರ್‌ಸಿಯರ್ ಬಂದು ನೋಡುವುದೆಂದು ನಿಕ್ಕಿಯಾಯಿತು. ಪಂಪು ಓಡದಿದ್ದರೆ ದೋಣಿ ದಡಕ್ಕೆ.

ಹಬ್ಬಕ್ಕೆ ಪಾವಗಡದ ಮಗಳ ಮನೆಗೆ ಹೊರಟ ಚಿತ್ತಣ್ಣ ನನ್ನನ್ನು ಕರೆದರು. "ಓದಿರೋನು ನೀನು, ನೋಡ್ಕೊ. ದಿನಕ್ಕೊಂದ್ಸಲ ಪಂಪು ಹಾಕು, ಸಾಕು. ರೇಡಿಯೋ ಗೀಡಿಯೋ ಹಾಕ್ಬುಟ್ಟೀಯ. ಬಿಸ್ಲು ಕೊಟ್ಟಷ್ಟೇ ನಾವು ಖರ್ಚು ಮಾಡ್ಬೇಕು ಕಣ್ಲಾ."

ಪೂಜೆಯ ದಿನ ಅವರ ತಾಯಿ ಕರಿಯಮ್ಮ ದೋಣಿಗೆ, ಹುಟ್ಟಿಗೆ, ಬ್ಯಾಟರಿಗೆ ಅರಿಶಿನ ಕುಂಕುಮ ಇಟ್ಟರು. ಪ್ಲೇಟಿಗೆ ಸೇವಂತಿಗೆ ಹಾರ. ಮೂರು ದಿನ ಕದಲಿಸಕೂಡದೆಂಬ ಕಟ್ಟಪ್ಪಣೆ ಬೇರೆ.

ನಾನು ತಡೆಯಲಿಲ್ಲ. ಯಾಕೆ? ಲೆಕ್ಕ ಹಾಕಿದ್ದೆ! ಹಾರ ಮುಚ್ಚುವುದು ಹತ್ತರಲ್ಲೊಂದು ಪಾಲು, ಉಳಿದ ಒಂಬತ್ತು ಪಾಲು ಕರೆಂಟು ಬಂದೇ ಬರುತ್ತದೆ. ಅಷ್ಟಕ್ಕೆ ಹಬ್ಬದ ದಿನ ಅಜ್ಜಿಯೊಡನೆ ವಾದವೇಕೆ? ಎರಡು ದಿನ ಪಂಪು ಓಡಿತು. ನನ್ನ ತರ್ಕ ಗೆದ್ದಿತು.

ಓವರ್‌ಸಿಯರ್ ಬರುವ ದಿನ ಬೆಳಿಗ್ಗೆ ಚಿತ್ತಣ್ಣ ಬಂದು ಸ್ವಿಚ್ ಹಾಕಿದರು. ಪಂಪು ಒಮ್ಮೆ ನರಳಿ ಸುಮ್ಮನಾಯಿತು. ದೋಣಿಯಲ್ಲಿ ಪಾದ ಮುಳುಗುವಷ್ಟು ನೀರು. ಅವರು ಪ್ಲೇಟು ನೋಡಿದರು, ಆಮೇಲೆ ನನ್ನನ್ನು.

"ಹತ್ತರಲ್ಲೊಂದು ಪಾಲು ತಾನೇ ಮುಚ್ಚಿರೋದು?" ಎಂದೆ.

ಚಿತ್ತಣ್ಣ ಹಾರ ತೆಗೆದು, ಪ್ಲೇಟು ತೊಳೆದು, ಕರೆಂಟು ಅಳೆಯುವ ಒಂದು ಮೀಟರ್ ಸಿಕ್ಕಿಸಿ ನನ್ನ ಕೈಗಿತ್ತರು. ಮುಳ್ಳು ಸರ್ರನೆ ಮೇಲೇರಿತು. "ಈಗ ಮೂಲೇಲಿ ಕೈ ಮಡಗು."

ಒಂದೇ ಅಂಗೈ. ಮುಳ್ಳು ದೊಪ್ಪನೆ ಬಿತ್ತು. ತೆಗೆದೆ, ಎದ್ದಿತು. ಇಟ್ಟೆ, ಬಿತ್ತು.

"ಪ್ಲೇಟಿನ ಈ ಕರೀ ಬಿಲ್ಲೆಗಳೆಲ್ಲ ಒಂದರ ಕೈ ಒಂದು ಹಿಡ್ಕೊಂಡು ನಿಂತವೆ. ಒಂದು ಕೈ ಬುಟ್ರೆ ಯಾರಿಗೂ ಕರೆಂಟಿಲ್ಲ. ಎರಡು ದಿನ ಓಡಿದ್ದು ಬ್ಯಾಟ್ರೀಲಿ ಮೊದ್ಲೇ ಇದ್ದ ಕರೆಂಟಲ್ಲಿ."

ಮತ್ತೆ ಮುಳ್ಳು ನೋಡಿದೆ. ಹೊಗೆಯಿಲ್ಲ, ಸದ್ದಿಲ್ಲ, ತಿರುಗುವ ಗಾಲಿಯಿಲ್ಲ. ಅಷ್ಟು ದೂರದಿಂದ ಸುಮ್ಮನೆ ಬಂದು ಬಿದ್ದ ಬೆಳಕು ನನ್ನ ಕೈಯಲ್ಲಿನ ಮುಳ್ಳನ್ನು ಎತ್ತಿ ಹಿಡಿದಿದೆ! ಇಪ್ಪತ್ತೆರಡು ವರ್ಷ ಈ ಬಿಸಿಲಲ್ಲೇ ಬೆವರಿದ್ದೇನೆ. ಒಮ್ಮೆಯಾದರೂ ತಲೆಯೆತ್ತಿ ನೋಡಿದ್ದೆನೇ?

ಹಾಯಿಯ ನೆರಳು ಬೀಳದಂತೆ ಅದನ್ನು ಇಳಿಸಿದೆವು. ಸೂರ್ಯ ಸರಿದಂತೆ ಪ್ಲೇಟು ಸರಿಸಿದೆವು. ಪಂಪು ಓಡಿಸಿ ತೋರಿಸಲು ಸ್ವಲ್ಪ ನೀರುಳಿಸಿ, ಮಿಕ್ಕದ್ದನ್ನು ಡಬ್ಬದಲ್ಲಿ ಮೊಗೆದು ಚೆಲ್ಲಿದೆವು.

ಮಧ್ಯಾಹ್ನ ಓವರ್‌ಸಿಯರ್ ದೋಣಿ ಹತ್ತಿ, "ಎಲ್ರೀ, ಹಾಕಿ ನೋಡೋಣ" ಎಂದರು. ಚಿತ್ತಣ್ಣ ಸ್ವಿಚ್ ಹಾಕಿದರು. ಪಂಪು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ನೀರು ಬಳಬಳನೆ ಹೊರಬಿತ್ತು!

"ಸೀಮೆಎಣ್ಣೆ ಎಲ್ಲಿ ಹಾಕ್ತೀರಿ?"

ಚಿತ್ತಣ್ಣ ಆಕಾಶ ತೋರಿಸಿದರು. ಓವರ್‌ಸಿಯರ್ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಆಮೇಲೆ ರುಜು ಹಾಕಿದರು.

ಹಟ್ಟಿಯ ಜನವೆಲ್ಲ ಪ್ಲೇಟು ನೋಡಲು ಮುಗಿಬಿದ್ದರು. ನಾನು ಹೆಗಲ ಟವಲಿನಿಂದ ಅದನ್ನು ಒರೆಸುತ್ತ ಕೂಗಾಡುತ್ತಿದ್ದೆ: "ದೂರ ನಿಲ್ಲಿ! ನೆರಳು ಬೀಳ್ತದೆ! ಮುಟ್ಟೋದಾದ್ರೆ ಕೈ ತೊಳ್ಕೊಂಡು ಬನ್ನಿ!"

ಕರಿಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದರು: "ಅಲ್ಲ ಕಣ್ಲಾ, ನಾನು ಮಾಡಿದ್ದು ಪೂಜೆ ಸರಿ, ನೀನು ಮಾಡ್ತಿರೋದು ಏನ್ಲಾ?"