ಕೆಂಪು ದಾರದ ಪಿಸ್ತೂಲು

ರಾಜೀವಿಯ ಬೆರಳಿಗೆ ಕಣ್ಣಿದೆ ಎಂದು ಸಾಂತಾಕ್ರೂಜಿನ ಆಟಿಕೆ ಅಂಗಡಿಯ ಸದಾನಂದ ಬಂದವರಿಗೆಲ್ಲ ಹೇಳುತ್ತಿದ್ದ. ಅದು ಬರೀ ಹೊಗಳಿಕೆ ಎಂದೇ ಅವಳು ತಿಳಿದಿದ್ದಳು.

ಪರೇಲಿನ ಒಂದು ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ ಅವಳು ಹನ್ನೊಂದು ವರ್ಷ ನೂಲು ಸುತ್ತಿದವಳು. ಓಡುವ ಎಳೆಯ ಮೇಲೆ ಬೆರಳಿಟ್ಟರೆ ಸಾಕು, ಎಲ್ಲಿ ಗಂಟು, ಎಲ್ಲಿ ಸಡಿಲ ಎಂದು ಗೊತ್ತಾಗುತ್ತಿತ್ತು. ಕೆಟ್ಟ ನೂಲಿನ ಬಾಬಿನ್ನಿಗೆ, ಅಂದರೆ ನೂಲು ಸುತ್ತಿದ ಉರುಳೆಗೆ, ಕೆಂಪು ದಾರ ಕಟ್ಟಿ ಪಕ್ಕಕ್ಕಿಡುವುದು ಅಲ್ಲಿಯ ಪದ್ಧತಿ. ಕೆಂಪು ದಾರ ಕಂಡರೆ ಯಾರೂ ಅದನ್ನು ಮಗ್ಗದ ಹತ್ತಿರ ಒಯ್ಯುತ್ತಿರಲಿಲ್ಲ. ಎಂಬತ್ತೆರಡರ ಮುಷ್ಕರದಲ್ಲಿ ನಿಂತ ಮಿಲ್ಲು ಮತ್ತೆ ತೆರೆಯಲಿಲ್ಲ. ಅವಳು ಅಲ್ಲಿ ಇಲ್ಲಿ ದುಡಿದು, ಕೊನೆಗೆ ಊರ ಕಡೆಯವನೇ ಆದ ಸದಾನಂದನ ಅಂಗಡಿ ಸೇರಿದಳು. ನೂಲು ಬಿಟ್ಟುಹೋದರೂ ದಾರ ಕಟ್ಟುವ ಅಭ್ಯಾಸ ಬಿಡಲಿಲ್ಲ.

ತೊಂಬತ್ತೊಂದರ ಹೊತ್ತಿಗೆ ಆ ಅಂಗಡಿಯಲ್ಲಿ ಹೆಚ್ಚು ಹೋಗುತ್ತಿದ್ದ ಮಾಲೆಂದರೆ ಹೊರದೇಶದ ಆಟಿಕೆ ಪಿಸ್ತೂಲು. ನೋಡಲು ಥೇಟು ನಿಜವಾದದ್ದೇ. ಮೇಲಿನ ಭಾಗವನ್ನು ಹಿಂದಕ್ಕೆಳೆದು ಕುದುರೆ ಒತ್ತಿದರೆ ಒಳಗಿನ ಸ್ಪ್ರಿಂಗು ಗಾಳಿಯನ್ನು ತಳ್ಳಿ, ಬಟಾಣಿಗಿಂತ ಸಣ್ಣದಾದ ಬಿಳಿ ಪ್ಲಾಸ್ಟಿಕ್ ಗುಂಡನ್ನು ಹಾರಿಸುತ್ತಿತ್ತು. ಮೈಮೇಲೆ ಹೆಸರಾಂತ ಬಂದೂಕು ಕಂಪನಿಯ ಹೆಸರು. ಆ ಹೆಸರು ಬಳಸಲು ಅನುಮತಿ ಉಂಟೆಂದು ಡಬ್ಬಿಯ ಮೇಲೆ ಮುದ್ರೆ. ಗಿರಾಕಿಗಳಿಗೆ ಮುದ್ರೆ ಕಂಡರೆ ಸಾಕಿತ್ತು. ರಾಜೀವಿಗೆ ಸಾಕಾಗುತ್ತಿರಲಿಲ್ಲ. ಅನುಮತಿ ಕೊಟ್ಟದ್ದು ಹೆಸರಿಗೆ ಮತ್ತು ಆಕಾರಕ್ಕೆ; ಒಳಗಿನ ಸ್ಪ್ರಿಂಗಿಗೆ ಯಾರು ಜವಾಬ್ದಾರರು?

ಆದ್ದರಿಂದ ಅವಳು ಒಂದೊಂದನ್ನೂ ಕೈಗೆತ್ತಿಕೊಳ್ಳುತ್ತಿದ್ದಳು. ಹೆಸರಿನ ಅಕ್ಷರಗಳು ಎರಕದಲ್ಲೇ ಮೂಡಿವೆಯೋ, ಚೀಟಿ ಅಂಟಿಸಿದ್ದೋ ನೋಡುವಳು. ಕಣ್ಣು ಮುಚ್ಚಿ ಎರಡು ಹೋಳು ಕೂಡುವ ಗೆರೆಯ ಮೇಲೆ ಉಗುರು ಎಳೆಯುವಳು; ಉಗುರು ಸಿಕ್ಕಿಕೊಂಡರೆ ಕೆಲಸ ಒರಟು. ಆಮೇಲೆ ಚಪ್ಪಲಿ ಡಬ್ಬಿಯ ಮುಚ್ಚಳವನ್ನು ಗೋಡೆಗೆ ಆನಿಸಿ, ಹತ್ತು ಹೆಜ್ಜೆ ದೂರದಿಂದ ಐದು ಗುಂಡು. ಐದೂ ಹತ್ತಿರ ಹತ್ತಿರ ಬಿದ್ದು ರಟ್ಟು ತಗ್ಗಾದರೆ ಒಳ್ಳೆಯದು. ರಟ್ಟು ತೂತಾದರೆ ಸ್ಪ್ರಿಂಗು ಮಿತಿಮೀರಿದ್ದು. ಅಂಥದ್ದರ ಕುದುರೆಯ ಸುತ್ತಲಿನ ಬಳೆಗೆ ಕೆಂಪು ದಾರ ಕಟ್ಟಿ ಹಿಂದಿನ ಕಪಾಟಿಗೆ.

"ಅಣ್ಣಾ, ಕೆಂಪು ದಾರದ್ದು ಯಾರಿಗೂ ಕೊಡ್ಬೇಡಿ. ಕಣ್ಣು ಹೋಗ್ತದೆ," ಎಂದು ಮೊದಲ ದಿನವೇ ಹೇಳಿದ್ದಳು.

"ಆಯ್ತು ರಾಜೀವಕ್ಕ, ನೀವು ಹೇಳಿದ ಮೇಲೆ ಮುಗೀತು," ಎಂದಿದ್ದ ಸದಾನಂದ. ವಾರ ಕಳೆಯುವಷ್ಟರಲ್ಲಿ ಹಿಂದಿನ ಕಪಾಟು ಖಾಲಿಯಾಗಿರುತ್ತಿತ್ತು. ಮಾಲು ಕೊಟ್ಟವನಿಗೆ ವಾಪಸು ಹೋಗಿರಬೇಕು ಎಂದು ಅವಳು ನೆಮ್ಮದಿಯಾಗಿದ್ದಳು.

ಅವಳ ಮಗಳು ಶಾಮಲಾ ಮಾಟುಂಗದ ಕನ್ನಡ ಸಂಘದ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ತಾಲೀಮು ನೋಡಲು ರಾಜೀವಿಯೂ ಲೋಕಲ್ ರೈಲು ಹಿಡಿದು ಹೋದಳು. ಕೊನೆಯ ದೃಶ್ಯದಲ್ಲಿ ಕೇಡಿಗನು ಶಾಮಲಾಳಿಗೆ ಗುಂಡು ಹೊಡೆಯಬೇಕು. ಕೇಡಿಗ ಬ್ಯಾಂಕಿನ ರಮಾನಾಥ, ಇರುವೆಗೂ ದಾರಿ ಬಿಡುವಂಥ ಮನುಷ್ಯ.

"ಈ ಸಲ ಪಟಾಕಿ ಪಿಸ್ತೂಲು ಅಲ್ಲ ಮಾರಾಯ್ರೆ, ಅಸಲಿ ಮಾಲ್!" ಎಂದು ಅವನು ಜೋಳಿಗೆಯಿಂದ ಪಿಸ್ತೂಲು ತೆಗೆದ.

"ಅಂಕಲ್, ಅದು ಹಿಡ್ಕೊಂಡ್ರೂ ನೀವು ಪಾಸ್‌ಬುಕ್ ಕೊಡ್ತೀರಿ ಅಂತ್ಲೇ ಅನ್ಸ್ತದೆ," ಎಂದಳು ಶಾಮಲಾ. ಎಲ್ಲರೂ ನಕ್ಕರು.

ರಾಜೀವಿಗೆ ನಗು ಬರಲಿಲ್ಲ. ಕುದುರೆಯ ಬಳೆಯಲ್ಲಿ ಕೆಂಪು ದಾರ ಇತ್ತು. ಎರಡು ತುದಿಯೂ ಒಳಕ್ಕೆ ಮಡಚಿದ ಮಿಲ್ಲಿನ ಗಂಟು. ಅವಳದೇ ಗಂಟು.

ರಮಾನಾಥ ಆಗಲೇ ಮೇಲಿನ ಭಾಗ ಎಳೆದು ಕೈ ನೀಡಿದ್ದ. ಶಾಮಲಾ ಅವನಿಂದ ನಾಲ್ಕು ಹೆಜ್ಜೆಯಲ್ಲಿದ್ದಳು, ಅವನ ಕಡೆಗೇ ಮುಖ ಮಾಡಿ.

"ನಿಲ್ಲಿಸಿ!"

ಆ ಕೂಗು ತನ್ನದೇ ಎಂದು ಅವಳಿಗೆ ತಡವಾಗಿ ತಿಳಿಯಿತು. ರಮಾನಾಥ ಬೆಚ್ಚಿ ಕೈ ಸರಿಸಿದ. ಬೆರಳು ಒತ್ತಿಯೇ ಬಿಟ್ಟಿತು. ಚಟ್ಟೆಂದಿತು. ಶಾಮಲಾಳ ಕಿವಿಯ ಪಕ್ಕ, ರಂಗದ ಹಿಂಬದಿಯ ರಟ್ಟಿನ ಮೇಲೆ ಬರೆದಿದ್ದ ಕಿಟಕಿಯಲ್ಲಿ ಒಂದು ತೂತು. ಅದರೊಳಗಿಂದ ಹಿಂದಿನ ಟ್ಯೂಬ್‌ಲೈಟಿನ ಬೆಳಕು ಕಾಣುತ್ತಿತ್ತು.



"ಗುಂಡಿನ ಪೆಟ್ಟಿಗೆ ತೆಗೆದಿಟ್ಟಿದ್ದೇನೆ... ನೋಡಿ, ಜೇಬಲ್ಲೇ ಉಂಟು," ಎಂದ ರಮಾನಾಥ. ಅವನ ತುಟಿ ಬಿಳಿಚಿತ್ತು.

"ಪೆಟ್ಟಿಗೆ ತೆಗೆದ್ರೂ ನಳಿಗೆಯಲ್ಲಿ ಒಂದು ಉಳೀತದೆ," ಎಂದಳು ರಾಜೀವಿ. "ಇದನ್ನ ನಿಮಗೆ ಯಾರು ಕೊಟ್ರು?"

"ನಿಮ್ಮ ಸದಾನಂದನೇ. ದಾರ ಇಲ್ಲದ್ದು ಮಕ್ಕಳಿಗೆ, ದಾರ ಇರೋದು ಸ್ಪೆಷಲ್ ಅಂದ. ಒಬ್ರು ಅಕ್ಕ ಇದ್ದಾರೆ, ಅವರ ಬೆರಳಿಗೆ ಕಣ್ಣುಂಟು, ಅವರೇ ಆರಿಸಿ ದಾರ ಕಟ್ಟೋದು ಅಂತ. ಅದು ನೀವೇ ಅಲ್ವಾ? ಆ ಧೈರ್ಯದಲ್ಲೇ ತಗೊಂಡೆ, ರಾಜೀವಕ್ಕ."

ಅಂಗಡಿ ಸೇರಿದ ಐದು ತಿಂಗಳಿಂದ ಅವಳು ಬೇಡ ಎಂದು ಕಟ್ಟಿದ ದಾರವೆಲ್ಲ ಬೇಕು ಎಂದು ಹೇಳುತ್ತಾ ಮನೆಮನೆಗೆ ಹೋಗಿತ್ತು. ವಾರಕ್ಕೆ ಮೂರೋ ನಾಲ್ಕೋ. ಲೆಕ್ಕ ಹಾಕಲು ಹೊರಟು, ಅರ್ಧದಲ್ಲೇ ಹೆದರಿ ಬಿಟ್ಟಳು.

ಸೋಮವಾರ ಅವಳು ಕಿಟಕಿಯ ಆ ತುಂಡನ್ನು ಕತ್ತರಿಸಿಕೊಂಡೇ ಅಂಗಡಿಗೆ ಬಂದಳು. ಸದಾನಂದ ತೂತು ನೋಡಿ ಮುಖ ಆಚೆ ತಿರುಗಿಸಿದ.

"ಗಿರಾಕಿಗೆ ಜೋರು ಬೇಕು, ರಾಜೀವಕ್ಕ. ನಾನು ಎಂಥ ಮಾಡ್ಲಿ? ಸುಂಕ ತಪ್ಪಿಸಿ ಕದ್ದು ಬಂದ ಮಾಲು, ವಾಪಸು ಯಾರಿಗೆ ಕೊಡೋದು?"

"ಇದನ್ನ ಕಂಡ್ರೆ ಯಾರೂ ಕೇಳೋದಿಲ್ಲ," ಎಂದು ಅವಳು ರಟ್ಟನ್ನು ಹಣದ ಗಲ್ಲೆಯ ಪಕ್ಕ ಎದ್ದು ಕಾಣುವಂತೆ ನಿಲ್ಲಿಸಿದಳು.

ಹನ್ನೊಂದು ಗಂಟೆಗೆ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಬಂದ. "ಲಾಲ್ ಧಾಗಾ ವಾಲಾ ಹೈ ಕ್ಯಾ? ಬೇಟೇ ಕಾ ಬರ್ತ್‌ಡೇ ಹೈ." ಮಗನ ಹುಟ್ಟುಹಬ್ಬಕ್ಕೆ ಅವನಿಗೆ ಕೆಂಪು ದಾರದ್ದೇ ಬೇಕಿತ್ತು.

ರಾಜೀವಿ ರಟ್ಟನ್ನು ಅವನ ಮುಂದೆ ಹಿಡಿದಳು. ಅವನು ತೂತಿಗೆ ಕಿರುಬೆರಳು ಮುಟ್ಟಿಸಿ ನೋಡಿದ. ಮುಖ ಅರಳಿತು.

"ಆರ್‌ಪಾರ್? ವಾಹ್! ಬಸ್, ಯಹೀ ದೇ ದೋ." ಆರಪಾರ ತೂತು ಮಾಡುವುದೇ ಅವನಿಗೆ ಬೇಕಾಗಿತ್ತು.

ಅವಳಿಗೆ ಸದಾನಂದನ ಮೇಲಿದ್ದ ಸಿಟ್ಟೂ ಆ ಗಳಿಗೆಯಲ್ಲಿ ಮರೆತುಹೋಯಿತು. ತಂದೆ ಎನ್ನುವ ಮನುಷ್ಯನ ಬಾಯಿಂದ ಬಂದ ಮಾತು ಅದು. ತೋರಿಸಿದ್ದು ಗಾಯ, ಅವನು ಕಂಡದ್ದು ಗುಣ.

ಅವಳು ಹಿಂದಿನ ಕಪಾಟಿನಿಂದ ಅಲ್ಲಿ ಉಳಿದಿದ್ದ ಕೆಂಪು ದಾರದ ಮೂರು ಪಿಸ್ತೂಲನ್ನೂ ತಂದಳು. ಗಲ್ಲೆಯ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದು ಮೊದಲನೆಯದರ ಹೋಳು ಬಿಚ್ಚತೊಡಗಿದಳು.

"ಏನಿದು? ಹುಚ್ಚು ಹಿಡೀತಾ?" ಸದಾನಂದ ಎದ್ದು ನಿಂತ. "ಅಷ್ಟಿದ್ರೆ ನಾಳೆಯಿಂದ ಬರೋದು ಬೇಡ."

"ಆಯ್ತು ಅಣ್ಣ. ಇವತ್ತಿನ ಕೆಲಸ ಮುಗಿಸಿ ಹೋಗ್ತೇನೆ."

ಸ್ಕ್ರೂ ಎರಡು ಸಲ ಜಾರಿತು. ಕೊನೆಗೆ ಹೋಳು ತೆರೆದು ಸ್ಪ್ರಿಂಗು ಟಣ್ಣನೆ ಹಾರಿ ಗಿರಾಕಿಯ ಕಾಲಬುಡಕ್ಕೆ ಬಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಬಗ್ಗಿ ಅದನ್ನು ಎತ್ತಿ ತನ್ನ ಟಿಫಿನ್ ಡಬ್ಬಿಗೆ ಹಾಕಿ, ಎರಡನೆಯದನ್ನು ಕೈಗೆತ್ತಿಕೊಂಡಳು.